ಮೂರು ತಿಂಗಳಾಯ್ತು ಸ್ವಾಮಿ

ಸಾಹೇಬರಿಗೆ ನನ್ನ ಮುಖ ಬೇಕಾಯಿತು. ಇಪ್ಪತ್ತೊಂಬತ್ತು ವರ್ಷ ಅವರಿಗೆ ನನ್ನ ಕೈಗಳೇ ಸಾಕಾಗಿದ್ದವು.

ಕೈಗಳ ಫೋಟೋ ಹಿಂದೆಯೇ ತೆಗೆಸಿದ್ದರು. ಕಾರ್ಖಾನೆಯವರು ಗಿರಾಕಿಗಳಿಗೆ ತೋರಿಸುವ ಬಣ್ಣದ ಪುಸ್ತಕ ತೆರೆದರೆ ಮೊದಲ ಪುಟದಲ್ಲೇ ಇದೆ. ಕಂದು ಚರ್ಮದ ಚೀಲ, ಅದರ ಅಂಚಿನಲ್ಲಿ ಎರಡು ಸೂಜಿ, ಸೂಜಿ ಹಿಡಿದ ಎರಡು ಕೈ. ಮಣಿಕಟ್ಟಿಗೆ ಚಿತ್ರ ಮುಗಿಯುತ್ತದೆ. ಫೋಟೋದವನು ಬಂದ ದಿನ ನನ್ನ ಉಗುರುಗಳನ್ನು ಬ್ರಷ್ಷಿನಿಂದ ತಿಕ್ಕಿಸಿದ್ದರು. ಹಳೆಯ ಬಟ್ಟೆ ಕಾಣಬಾರದೆಂದು ತೋಳಿಗೆ ಕಪ್ಪು ಬಟ್ಟೆ ಸುತ್ತಿದ್ದರು. ಅದು ಯಾರ ಕೈ ಎಂದು ಪುಸ್ತಕದಲ್ಲಿ ಎಲ್ಲೂ ಬರೆದಿಲ್ಲ. ನಾನು ಓದಿ ನೋಡಿದ್ದೇನೆ.

ಈಗ ಬಿಳಿ ಗೋಡೆಯ ಮುಂದೆ ಸ್ಟೂಲು ಹಾಕಿ ಕೂರಿಸಿದರು. ಎರಡೂ ಕಿವಿ ಕಾಣಬೇಕು, ನಗಬಾರದು ಎಂದರು. ನಗಬಾರದು ಎಂದಿದ್ದಕ್ಕೇ ನಗು ಬಂತು. ಮೂರು ಸಲ ತೆಗೆಯಬೇಕಾಯಿತು.

ನಮ್ಮ ಚೀಲಗಳನ್ನು ಕೊಳ್ಳುವ ವ್ಯಾಪಾರಿ ಸಮುದ್ರದಾಚೆಯವನು. ಅವನ ಊರಿನಲ್ಲಿ ಒಂದು ದೊಡ್ಡ ಪ್ರದರ್ಶನ, ಅಲ್ಲಿ ನಮ್ಮ ಕಾರ್ಖಾನೆಗೂ ಒಂದು ಮಳಿಗೆ. ಪುಸ್ತಕದಲ್ಲಿರುವ ಆ ಕೈಗಳನ್ನು ಕರೆದುಕೊಂಡು ಬನ್ನಿ, ಜನರ ಎದುರಿಗೆ ಕೂತು ಹೊಲಿಯಲಿ, ಕೈಹೊಲಿಗೆ ಎಂದು ಅವರಿಗೆ ನಂಬಿಕೆ ಬರಲಿ ಎಂದು ಅವನು ಬರೆದಿದ್ದನಂತೆ. ಐದು ದಿನದ ಕೆಲಸ. ಅದಕ್ಕೆ ವ್ಯಾಪಾರದ ವೀಸಾ ಬೇಕು. ಅದನ್ನು ನಾವಾಗಿ ಹೋಗಿ ಕೇಳಿದರೆ ಕೊಡುವುದಿಲ್ಲ. ಇವಳು ನಮ್ಮ ಕೆಲಸದವಳು, ನಾವೇ ಕಳಿಸುತ್ತಿದ್ದೇವೆ, ನಮ್ಮಲ್ಲಿಗೇ ವಾಪಸು ಬರುತ್ತಾಳೆ ಎಂದು ಕೆಲಸ ಕೊಟ್ಟವರು ಬರೆದುಕೊಡಬೇಕು. ಇದನ್ನೆಲ್ಲ ನನಗೆ ಬಿಡಿಸಿ ಹೇಳಿದವಳು ಆಫೀಸಿನ ಹುಡುಗಿ. ಸದಾ ಒಂದು ಫೈಲನ್ನು ಕೂಸಿನ ಹಾಗೆ ಸೊಂಟದ ಮೇಲಿಟ್ಟುಕೊಂಡು ಓಡಾಡುತ್ತಿದ್ದುದರಿಂದ ನಾವು ಅವಳನ್ನು ಫೈಲಮ್ಮ ಎನ್ನುತ್ತಿದ್ದೆವು.

ಹೋಗಬೇಕೆಂಬ ಆಸೆ ನನಗಿತ್ತು. ಅದನ್ನು ಮುಚ್ಚಿಡುವುದಿಲ್ಲ. ಅಷ್ಟು ಚೀಲ ಹೊಲಿದಿದ್ದೇನೆ, ಒಂದನ್ನೂ ಯಾರ ಹೆಗಲ ಮೇಲೂ ನೋಡಿಲ್ಲ. ಹೊಲಿದು ಮುಗಿಸಿದ ಮೇಲೆ ಅದನ್ನು ತೆಳು ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುತ್ತಾರೆ, ಅಲ್ಲಿಗೆ ನಮ್ಮ ಋಣ ತೀರಿತು. ಕೆಲವು ಚೀಲ ಎಷ್ಟು ಸಣ್ಣವೆಂದರೆ ನಮ್ಮ ಬುತ್ತಿ ಡಬ್ಬಿಯ ಮುಚ್ಚಳವೂ ಹಿಡಿಸುವುದಿಲ್ಲ. ನಾನು ಹೋಗುವ ಸುದ್ದಿ ಕೇಳಿ ಪಕ್ಕದ ಮನೆಯ ಗುಬ್ಬಿ ಒಂದೇ ಒಂದು ಕೆಲಸ ಹೇಳಿದಳು. ಅಷ್ಟು ಚಿಕ್ಕ ಚೀಲದಲ್ಲಿ ಅವರು ಏನಿಟ್ಟುಕೊಳ್ಳುತ್ತಾರೆ ಅಂತ ಕೇಳಿಕೊಂಡು ಬಾ.

ಗುಬ್ಬಿಯ ವಿಷಯ ಹೇಳಬೇಕು. ಅದಕ್ಕೆ ಮೊದಲು ಕೆಲಸದ ವಿಷಯ.

ಮರದ ಇಕ್ಕಳವನ್ನು ತೊಡೆಗಳ ನಡುವೆ ಒತ್ತಿ ಹಿಡಿಯಬೇಕು. ಅದರ ಬಾಯಿಗೆ ಚರ್ಮದ ಎರಡು ಪದರ ಕೊಡಬೇಕು. ದಬ್ಬಣದಿಂದ ತೂತು ಹೊಡೆದು, ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿ, ಎಡಗಡೆಯಿಂದ ಒಂದು ಬಲಗಡೆಯಿಂದ ಒಂದು ಅದೇ ತೂತಿನಲ್ಲಿ ತೂರಿಸಿ ಎಳೆಯಬೇಕು. ಎರಡೂ ತೋಳು ಚಾಚಿ ಎಳೆಯಬೇಕು. ದಾರಕ್ಕೆ ಮೇಣ ಸವರಿರುತ್ತಾರೆ, ಅದು ಕಿರುಬೆರಳ ಗೆಣ್ಣನ್ನು ಕೊಯ್ಯುತ್ತದೆ. ಕೊಯ್ದ ಜಾಗದಲ್ಲೇ ಮತ್ತೆ ಕೊಯ್ಯುತ್ತದೆ. ಮೊದಲ ವರ್ಷ ರಕ್ತ ಬರುತ್ತದೆ. ಆಮೇಲೆ ಬರುವುದಿಲ್ಲ. ತೊಡೆಯ ಒಳಗೆ ಎರಡು ಕಪ್ಪು ಕಲೆ ಉಳಿಯುತ್ತವೆ. ಕುತ್ತಿಗೆ ಬಗ್ಗಿದ್ದು ಬಗ್ಗಿದ ಹಾಗೇ ಇರುತ್ತದೆ. ನನ್ನನ್ನು ದಾರಿಯಲ್ಲಿ ನೋಡಿದವರು ಏನೋ ಕಳೆದುಕೊಂಡು ಹುಡುಕುತ್ತಿದ್ದಾಳೆ ಅಂದುಕೊಳ್ಳುತ್ತಾರೆ.

ಇನ್ನು ಬಿಲ್ಲೆ. ಗೇಟಿನಲ್ಲಿ ನಮಗೆ ಒಂದೊಂದು ಹಿತ್ತಾಳೆ ಬಿಲ್ಲೆ ಕೊಡುತ್ತಾರೆ, ಅದರ ಮೇಲೆ ನಂಬರು. ಮೂರು ತಿಂಗಳಾಗುತ್ತಲೇ ಬಿಲ್ಲೆ ವಾಪಸು ತೆಗೆದುಕೊಂಡು ಹಳೆಯ ರಿಜಿಸ್ಟರು ಮುಚ್ಚುತ್ತಾರೆ. ಮಾರನೆಯ ದಿನ ಹೊಸ ಬಿಲ್ಲೆ, ಹೊಸ ರಿಜಿಸ್ಟರು. ಅದರಲ್ಲಿ ನಾವೆಲ್ಲ ಅವತ್ತೇ ಕೆಲಸಕ್ಕೆ ಸೇರಿದವರು. ಹಾಗೆ ಇಪ್ಪತ್ತೊಂಬತ್ತು ವರ್ಷ ನಾನು ಮೂರು ತಿಂಗಳು ದಾಟಲೇ ಇಲ್ಲ. ಖಾಯಂ ಇಲ್ಲ, ರಜೆ ಇಲ್ಲ, ಮುದಿತನಕ್ಕೆ ಏನೂ ಇಲ್ಲ. ಹೊರಗಿನಿಂದ ಯಾವ ಅಧಿಕಾರಿ ಬಂದು ಕೇಳಿದರೂ ಹೇಳಬೇಕಾದದ್ದು ಒಂದೇ ಮಾತು. ಮೇಸ್ತ್ರಿ ನಮ್ಮನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಬಾಯಿಪಾಠ ಮಾಡಿಸುತ್ತಿದ್ದ. ಎಷ್ಟು ದಿನದಿಂದ ಕೆಲಸ? ಮೂರು ತಿಂಗಳಾಯ್ತು ಸ್ವಾಮಿ. ಎರಡನೇ ಸಲ ಕೇಳಿದರೆ? ಅದನ್ನೇ ಹೇಳಬೇಕು. ಗದರಿಸಿ ಕೇಳಿದರೆ? ತಲೆ ತಗ್ಗಿಸಿ ಅದನ್ನೇ ಹೇಳಬೇಕು. ತಪ್ಪಿದವಳಿಗೆ ನಾಳೆ ಬಿಲ್ಲೆ ಇಲ್ಲ. ಬರಬರುತ್ತಾ ನಮಗೆ ಅದು ನಮಸ್ಕಾರ ಇದ್ದ ಹಾಗೆ ಆಯಿತು. ಯೋಚನೆಯೇ ಇಲ್ಲದೆ ಬಾಯಿಗೆ ಬರುತ್ತಿತ್ತು.

ಗುಬ್ಬಿ ನನ್ನ ಪಕ್ಕದ ಬೆಂಚಿನವಳು. ಪುಟ್ಟ ಹೆಂಗಸು, ಅದಕ್ಕೇ ಆ ಹೆಸರು. ಇಪ್ಪತ್ತು ವರ್ಷ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡಿದ್ದೇವೆ. ಮೂರು ವರ್ಷದ ಹಿಂದೆ, ಕತ್ತರಿಸುವ ವಿಭಾಗದಲ್ಲಿ ಜನ ಕಮ್ಮಿ ಎಂದು ಅವಳನ್ನು ಪ್ರೆಸ್ಸು ಯಂತ್ರಕ್ಕೆ ಹಾಕಿದರು. ಕಲಿಸಿಕೊಡಲಿಲ್ಲ. ಮೂರನೆಯ ದಿನ ಪ್ರೆಸ್ಸು ಅವಳ ಬಲಗೈ ಮೇಲೆ ಇಳಿಯಿತು. ಮಣಿಕಟ್ಟಿಗೆ ಕೈ ಮುಗಿಯಿತು. ನನ್ನ ಚಿತ್ರ ಮುಗಿಯುತ್ತದಲ್ಲ, ಅಲ್ಲಿಗೇ.

ಲೇಬರ್ ಆಫೀಸಿನಿಂದ ಒಬ್ಬರು ವಿಚಾರಣೆಗೆ ಬಂದರು. ಈ ಹೆಂಗಸು ಎಷ್ಟು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದಳು ಎಂದು ಕೇಳಿದ್ದು ನನ್ನನ್ನು, ಪಕ್ಕದ ಬೆಂಚಿನವಳು ಅಂತ. ಮೇಸ್ತ್ರಿ ಹಿಂದೆಯೇ ನಿಂತಿದ್ದ. ನಾನು ಹೇಳಿದೆ. ಮೂರು ತಿಂಗಳಾಯ್ತು ಸ್ವಾಮಿ.

ಹೊಸಬಳು, ಕೆಲಸ ಗೊತ್ತಿಲ್ಲದೆ ತಾನಾಗಿ ಯಂತ್ರಕ್ಕೆ ಕೈ ಕೊಟ್ಟಳು ಎಂದು ಬರೆದುಕೊಂಡು ಹೋದರು. ಗುಬ್ಬಿಗೆ ಬಿಡಿಗಾಸೂ ಸಿಗಲಿಲ್ಲ. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಆ ವರ್ಷವೇ ನಾನು ರಾತ್ರಿ ಶಾಲೆಗೆ ಸೇರಿದೆ. ಅವತ್ತು ನನ್ನ ಮಾತಿನ ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಏನು ಬರೆದಿತ್ತೆಂದು ನನಗೆ ಗೊತ್ತಿರಲಿಲ್ಲ. ಇನ್ನು ಓದದೆ ಯಾವುದಕ್ಕೂ ಒತ್ತಬಾರದು ಅನಿಸಿತ್ತು. ಅಷ್ಟೇ ಕಾರಣ.

ವೀಸಾಕ್ಕೆ ಹೋಗುವ ಹಿಂದಿನ ದಿನ ಫೈಲಮ್ಮ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳನ್ನು ಜೋಡಿಸಿಕೊಟ್ಟಳು. ವ್ಯಾಪಾರಿಯ ಆಹ್ವಾನ, ಟಿಕೆಟ್ಟಿನ ಚೀಟಿ, ನನ್ನ ಹೊಸ ಪಾಸ್‌ಪೋರ್ಟು. ಎಲ್ಲಕ್ಕಿಂತ ಮೇಲೆ ಕಾರ್ಖಾನೆಯ ಪತ್ರ, ಅವರ ಭಾಷೆಯಲ್ಲೂ ನಮ್ಮ ಭಾಷೆಯಲ್ಲೂ. ಮನೆಗೆ ತಂದು, ಅಕ್ಷರ ಅಕ್ಷರ ಕೂಡಿಸಿ ಓದಿದೆ. ನನ್ನ ಹೆಸರು. ಇಪ್ಪತ್ತೊಂಬತ್ತು ವರ್ಷಗಳಿಂದ ನಮ್ಮ ಸಂಸ್ಥೆಯ ಖಾಯಂ ನೌಕರರು. ಹಿರಿಯ ಕುಶಲಕರ್ಮಿ. ಪ್ರವಾಸದ ಅವಧಿಗೆ ವೇತನಸಹಿತ ರಜೆ ಮಂಜೂರಾಗಿದೆ. ಹಿಂದಿರುಗಿದ ಮೇಲೆ ಅದೇ ಹುದ್ದೆಯಲ್ಲಿ ಮುಂದುವರಿಯುತ್ತಾರೆ. ಕೆಳಗೆ ಸಾಹೇಬರ ಸಹಿ, ದುಂಡನೆಯ ಮೊಹರು.

ಮತ್ತೆ ಓದಿದೆ. ಕೂರಲಾಗಲಿಲ್ಲ. ಎದ್ದು ಒಲೆಯವರೆಗೆ ಹೋದೆ, ವಾಪಸು ಬಂದೆ. ಮಗಳು, ಏನಮ್ಮ ಬೋನಿನಲ್ಲಿ ಹಾಕಿದ ಹಾಗೆ ಆಡ್ತಿದೀಯ ಎಂದಳು. ವಿಮಾನದ ಭಯ ಎಂದೆ. ಅದಾಗಿರಲಿಲ್ಲ. ಅವರಿಗೆ ಲೆಕ್ಕ ಗೊತ್ತಿತ್ತು. ನಾನು ಯಾವತ್ತು ಬಂದೆ, ಎಷ್ಟು ವರ್ಷವಾಯಿತು, ಎಲ್ಲಾ ಗೊತ್ತಿತ್ತು. ಮರೆತಿರಲೇ ಇಲ್ಲ.

ವೀಸಾ ಕಚೇರಿಗೆ ಕಾರ್ಖಾನೆಯ ಕಾರಿನಲ್ಲಿ ಕಳಿಸಿದರು. ಮೇಸ್ತ್ರಿ ಜೊತೆಗೆ ಬಂದ. ಬಾಗಿಲ ತನಕ ಮಾತ್ರ, ಒಳಗೆ ಅವನನ್ನು ಬಿಡಲಿಲ್ಲ. ನಾನು ಅವನಿಲ್ಲದ ಕಡೆ ಮಾತಾಡಿದ್ದು ಅದೇ ಮೊದಲು.

ಒಳಗೆ ತಣ್ಣಗೆ ಗಾಳಿ. ನೆಲ ಕನ್ನಡಿಯ ಹಾಗೆ. ಸಾಲು ಸಾಲು ಕುರ್ಚಿ, ಯಾರೂ ಮಾತಾಡುತ್ತಿರಲಿಲ್ಲ. ನಂಬರು ಕೂಗಿದಾಗ ಹೋದೆ. ಗಾಜಿನ ಪೆಟ್ಟಿಗೆಯಂಥದ್ದರ ಮೇಲೆ ನಾಲ್ಕು ಬೆರಳು ಇಡಿ ಎಂದಳು ಒಬ್ಬ ಹುಡುಗಿ. ಇಟ್ಟೆ. ಕೆಂಪು ದೀಪ. ಮತ್ತೆ ಇಡಿ. ಕೆಂಪು. ಒದ್ದೆ ಕಾಗದದಿಂದ ನನ್ನ ಬೆರಳು ಒರೆಸಿದಳು. ಕೆಂಪು. ಏನೋ ಎಣ್ಣೆಯಂಥದ್ದು ಹಚ್ಚಿ, ತನ್ನ ಅಂಗೈಯಿಂದ ನನ್ನ ಕೈ ಮೇಲೆ ಭಾರ ಬಿಟ್ಟು ಒತ್ತಿದಳು. ನೋವಾಯಿತು. ಕೆಂಪು. ಹಿಂದೆ ನಿಂತವರೊಬ್ಬರು ಗಡಿಯಾರ ನೋಡಿಕೊಂಡು ಉಸಿರು ಬಿಟ್ಟರು.

"ಗೆರೆಗಳೇ ಇಲ್ವಲ್ಲಮ್ಮ ನಿಮಗೆ. ಎಲ್ಲಿ ಹೋದ್ವು?"

ಚೀಲದಲ್ಲಿ ಹೋದವು ಎಂದು ಹೇಳಬೇಕಿತ್ತು. ಅವತ್ತು ಹೊಳೆಯಲಿಲ್ಲ. ತಪ್ಪು ಮಾಡಿದವಳ ಹಾಗೆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತೆ. ಹುಡುಗಿ ಒಳಗೆ ಯಾರನ್ನೋ ಕೇಳಿ ಬಂದು, ಏನೋ ಬರೆದುಕೊಂಡು, ಮುಂದಿನ ಕಿಟಕಿಗೆ ಕಳಿಸಿದಳು.

ಅಲ್ಲಿ ಗಾಜಿನ ಹಿಂದೆ ಒಬ್ಬ ಅಧಿಕಾರಿ. ಬಿಳಿ ಅಂಗಿ, ಕೈಯಲ್ಲಿ ಪೆನ್ನು, ಎದುರಿಗೆ ನನ್ನ ಪತ್ರ. ಒರಟನಲ್ಲ. ಏನು ಕೆಲಸ ಎಂದು ಕೇಳಿದ, ಹೇಳಿದೆ. ಅಲ್ಲಿಗೆ ಯಾಕೆ ಹೋಗುತ್ತೀರಿ, ಹೇಳಿದೆ. ಆಮೇಲೆ ಪತ್ರದ ಮೇಲೆ ಪೆನ್ನಿಟ್ಟು, ಎಷ್ಟು ಕಾಲದಿಂದ ಅಲ್ಲಿ ಕೆಲಸ ಮಾಡುತ್ತಿದ್ದೀರಿ ಎಂದು ಕೇಳಿದ.

"ಮೂರು ತಿಂಗಳಾಯ್ತು ಸ್ವಾಮಿ."

ಅದು ನನ್ನ ಬಾಯಿಂದ ಬಂದದ್ದು ನನ್ನ ಕಿವಿಗೆ ಬಿದ್ದ ಮೇಲೆ ಗೊತ್ತಾಯಿತು. ಅವನು ಪತ್ರ ನೋಡಿದ. ನನ್ನನ್ನು ನೋಡಿದ. ನಿಧಾನವಾಗಿ, ಕಿವುಡಿಗೆ ಹೇಳುವ ಹಾಗೆ, ಮತ್ತೆ ಕೇಳಿದ. ಎರಡನೇ ಸಲ ಕೇಳಿದರೆ ಏನು ಮಾಡಬೇಕೆಂದು ನಾಲಿಗೆಗೆ ಗೊತ್ತಿತ್ತು. ತಲೆ ತಗ್ಗಿಸಿ ಅದನ್ನೇ ಹೇಳಿದೆ. ಹೇಳುತ್ತಿರುವಾಗಲೇ, ಅಯ್ಯೋ ನಿಲ್ಲು ಎಂದು ಒಳಗೆ ಯಾರೋ ಕೂಗುತ್ತಿದ್ದರು. ನಾಲಿಗೆ ನಿಲ್ಲಲಿಲ್ಲ.

ಹೇಳಿಕೆಗೂ ಪತ್ರಕ್ಕೂ ತಾಳೆಯಿಲ್ಲ ಎಂದು ಒಂದು ಚೀಟಿ ಸೇರಿಸಿ ಎಲ್ಲ ಕಾಗದ ನನ್ನ ಕೈಗೇ ವಾಪಸು ಕೊಟ್ಟ. ಹೊರಗೆ ಮೇಸ್ತ್ರಿ ಪಾಸ್‌ಪೋರ್ಟನ್ನೂ ಆ ಚೀಟಿಯನ್ನೂ ಕಿತ್ತುಕೊಂಡ. ಪತ್ರವಿದ್ದ ಕವರನ್ನು ನೋಡಲಿಲ್ಲ. ನಾನೂ ನೆನಪಿಸಲಿಲ್ಲ.

ಸಾಹೇಬರು ನನ್ನನ್ನು ನಿಲ್ಲಿಸಿಕೊಂಡು ಕೂಗಾಡಿದರು. ಮೂರು ತಿಂಗಳು ಅಂತ ಹೇಳು ಅಂದವರು ಯಾರು ನಿನಗೆ ಎಂದರು. ನಾನು ಮೇಸ್ತ್ರಿಯ ಕಡೆ ನೋಡಿದೆ. ಮೇಸ್ತ್ರಿ ಕಿಟಕಿಯ ಕಡೆ ನೋಡಿದ. ಸಾಹೇಬರು ಮಾತು ನಿಲ್ಲಿಸಿದರು.

ಹೊಲಿಯುವ ಹಾಲ್‌ನಲ್ಲಿ ಸುದ್ದಿ ಹಬ್ಬಿದಾಗ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂಟು ಹಚ್ಚುವವಳು, ನಾವು ಅಂಟಕ್ಕ ಎನ್ನುವವಳು, ಸತ್ತು ಮೇಲೆ ಹೋದರೂ ಅಲ್ಲಿ ಬಾಗಿಲಲ್ಲಿ ಕೇಳಿದವನಿಗೆ ನಾವು ಮೂರು ತಿಂಗಳು ಅಂತಲೇ ಹೇಳುತ್ತೇವೆ ಎಂದಳು. ನಾನೂ ನಕ್ಕೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆಮೇಲೆ ನೀರು ನಿಲ್ಲಲೇ ಇಲ್ಲ. ಅಲ್ಲೇ ಹೊಲಿಯುವ ಮಗಳು ಎರಡು ಬೆಂಚು ಹಿಂದಿನಿಂದ ಎದ್ದು ಬಂದು ನನ್ನ ಇಕ್ಕಳ ತೆಗೆದಿಟ್ಟಳು.

ಸಂಜೆ ಗುಬ್ಬಿಗೆ ಹೇಳಿದೆ. ಅವಳು ನಗಲಿಲ್ಲ. ಪತ್ರ ತೋರಿಸು ಎಂದಳು. ಅವಳಿಗೆ ಓದಲು ಬರುವುದಿಲ್ಲ, ನಾನು ಓದಿದೆ. ಎಡಗೈಯ ಬೆರಳಿನಿಂದ ಮೊಹರನ್ನು ಮುಟ್ಟಿ ನೋಡಿದಳು.

"ಇಪ್ಪತ್ತೊಂಬತ್ತು ಅಂತ ಬರೆಯೋಕೆ ಇವರಿಗೆ ಬರುತ್ತೆ ಹಾಗಾದ್ರೆ."

ಅಷ್ಟೇ ಅಂದಳು. ಎದ್ದು ಹೋದಳು.

ಮತ್ತೆ ಅರ್ಜಿ ಹಾಕುವುದೆಂದು ಸಾಹೇಬರು ತೀರ್ಮಾನ ಮಾಡಿದರು. ವ್ಯಾಪಾರಿ ಬಿಡುತ್ತಿರಲಿಲ್ಲ, ಅವನಿಗೆ ಆ ಕೈಗಳೇ ಬೇಕಿತ್ತು. ಈಗ ಮೇಸ್ತ್ರಿಯ ಪಾಠ ತಿರುಗಿತು. ಊಟದ ಬಿಡುವಿನಲ್ಲಿ ನನ್ನನ್ನು ಗೋದಾಮಿನ ಬಾಗಿಲಲ್ಲಿ ನಿಲ್ಲಿಸಿ ಕೇಳುತ್ತಿದ್ದ. ಎಷ್ಟು ಕಾಲದಿಂದ ಕೆಲಸ? ಇಪ್ಪತ್ತೊಂಬತ್ತು ವರ್ಷ. ಜೋರಾಗಿ ಹೇಳು ಅಜ್ಜಿ. ಇಪ್ಪತ್ತೊಂಬತ್ತು ವರ್ಷ. ಅದೇ ಮೇಸ್ತ್ರಿ, ಎತ್ತಿದ ಅದೇ ಬೆರಳು. ಆ ವಾರ ಬಿಲ್ಲೆ ಬದಲಾಯಿತು. ಮಧ್ಯಾಹ್ನ ನನಗೆ ಇಪ್ಪತ್ತೊಂಬತ್ತು ಹೇಳಿಸಿದವನೇ, ಮರುದಿನ ಬೆಳಗ್ಗೆ ಗೇಟಿನಲ್ಲಿ ನನ್ನನ್ನು ಹೊಸಬಳೆಂದು ಬರೆದುಕೊಂಡ.

ಎರಡು ದಿನ ಬಿಟ್ಟು ಸಾಹೇಬರ ಕೋಣೆಗೆ ಕರೆದರು. ಕುರ್ಚಿ ತೋರಿಸಿದರು. ಆ ಕೋಣೆಯಲ್ಲಿ ನಾನು ಕೂತದ್ದು ಅದೇ ಮೊದಲು. ಟೀ ತರಿಸಿದರು. ಏ ಎಂದು ಕರೆಯುತ್ತಿದ್ದವರು ಅಮ್ಮ ಎಂದರು. ಫೈಲಮ್ಮ ಎರಡು ಕಾಗದ ಮುಂದಿಟ್ಟು, ಸಹಿ ಮಾಡುವ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿದಳು. ಅವಳು ನನ್ನ ಮುಖ ನೋಡಲಿಲ್ಲ.

ಓದುತ್ತೇನೆ ಎಂದೆ. ಅದರಲ್ಲಿ ಓದುವಂಥದ್ದು ಏನಿದೆ, ಎಷ್ಟು ಹೊತ್ತು ಬೇಕು ಎಂದರು ಸಾಹೇಬರು. ಹೊತ್ತು ಬೇಕಾಗುತ್ತೆ ಸಾಹೇಬ್ರೇ, ಮುದಿಯಾದ ಮೇಲೆ ಕಲಿತದ್ದು ಎಂದೆ. ಅವರು ಮೇಜಿನ ಮೇಲೆ ಬೆರಳು ಕುಟ್ಟುತ್ತಿದ್ದರು. ನಾನು ನಿಧಾನಕ್ಕೆ ಓದಿದೆ. ಕಾಯುವುದು ನನಗೆ ಗೊತ್ತು. ಕಾಯಿಸುವುದು ಅವತ್ತು ಗೊತ್ತಾಯಿತು.

ಮೊದಲ ಕಾಗದ ವೀಸಾದವರಿಗೆ. ನಾನು ವಯಸ್ಸಾದವಳು, ಓದು ಕಡಿಮೆ, ನೆನಪಿನ ಶಕ್ತಿ ಕುಂದಿದೆ, ಗಾಬರಿಯಲ್ಲಿ ಮೂರು ತಿಂಗಳು ಎಂದು ತಪ್ಪಾಗಿ ಹೇಳಿದ್ದೇನೆ. ಎರಡನೆಯದು ಕಾರ್ಖಾನೆಯ ಬೀರುವಿಗೆ. ನನಗೆ ಕೊಟ್ಟ ಪತ್ರ ಪ್ರವಾಸದ ಉಪಯೋಗಕ್ಕೆ ಮಾತ್ರ, ನಾನು ಈ ಸಂಸ್ಥೆಯ ಖಾಯಂ ನೌಕರಳಲ್ಲ, ಹಿಂದೆಯೂ ಆಗಿರಲಿಲ್ಲ, ಯಾವ ಹಕ್ಕನ್ನೂ ಕೇಳುವುದಿಲ್ಲ, ಪತ್ರವನ್ನು ವಾಪಸು ಒಪ್ಪಿಸಿದ್ದೇನೆ.

ಒಂದೇ ದಿನ, ಒಂದೇ ಪೆನ್ನು, ಒಂದೇ ಕೈ. ಒಂದು ಕಾಗದದಲ್ಲಿ ನಾನು ಅವರವಳು, ಇನ್ನೊಂದರಲ್ಲಿ ಯಾರೂ ಅಲ್ಲ. ಕೈ ಮೇಜಿನ ಕೆಳಗೆ ಹೋಯಿತು. ಅದನ್ನು ಮೇಲೆ ತರಲು ನನಗೆ ಮನಸ್ಸಾಗಲಿಲ್ಲ.

"ನನಗೆ ಮರೆವಿಲ್ಲ ಸಾಹೇಬ್ರೇ. ನೀವು ಕಲಿಸಿದ್ದನ್ನ ಮರೀಲಿಲ್ಲ, ಅದೇ ಆಗಿದ್ದು."

ಸರಿ, ಅದೆಲ್ಲ ಬಿಡಮ್ಮ, ಅಲ್ಲಿ ಹೋಗಿ ಏನು ಹೇಳುತ್ತೀಯ ಅದನ್ನು ಹೇಳು ಎಂದರು.

"ಇಪ್ಪತ್ತೊಂಬತ್ತು ಅಂತೀನಿ. ಇಲ್ಲಿನ ರಿಜಿಸ್ಟರಲ್ಲೂ ಅದನ್ನೇ ಬರೀರಿ. ಬರೆದ ದಿನ ಹೊರಡ್ತೀನಿ."

ನಿನಗೊಬ್ಬಳಿಗೆ ಬರೆದರೆ ಎಲ್ಲರೂ ಬಂದು ನಿಲ್ಲುತ್ತಾರೆ ಎಂದರು. ನಿಲ್ಲಲಿ ಎಂದೆ. ಗುಬ್ಬಿಯ ಇಪ್ಪತ್ತು ವರ್ಷವನ್ನೂ ಬರೆಯಿರಿ ಎಂದೆ. ಗುಬ್ಬಿ ಯಾರು ಎಂದು ಕೇಳಿದರು. ಅದು ನಾಟಕವಾಗಿರಲಿಲ್ಲ. ಅವರಿಗೆ ನಿಜವಾಗಿ ಗೊತ್ತಿರಲಿಲ್ಲ.

ಅಮ್ಮ ಹೋಗಿ ಮುದುಕಿ ಬಂತು. ಮುದುಕಿ, ಕರೆದು ಕೂರಿಸಿದ್ದಕ್ಕೆ ತಲೆ ಮೇಲೆ ಹತ್ತುತ್ತೀಯ ಎಂದರು. ಬಾಗಿಲ ತನಕ ಹೋಗಿ, ಬಾಗಿಲು ಹಾಕಿ ಬಂದು, ದನಿ ತಗ್ಗಿಸಿದರು. ನನ್ನ ಮಗಳನ್ನು ಖಾಯಂ ಮಾಡುತ್ತಾರಂತೆ. ಅವಳೊಬ್ಬಳನ್ನು. ಎರಡು ಸಹಿ, ಆ ಪತ್ರ ವಾಪಸು, ಅಷ್ಟು ಸಾಕು. ಸಹಿ ಮಾಡದಿದ್ದರೆ ಇಬ್ಬರಿಗೂ ನಾಳೆಯಿಂದ ಬಿಲ್ಲೆ ಇಲ್ಲ.

ಒಂದು ದಿನ ಕೊಡಿ ಎಂದು ಕೇಳಿ ಹೊರಗೆ ಬಂದೆ. ಫೈಲಮ್ಮ ಮೆಟ್ಟಿಲ ಹತ್ತಿರ ಓಡಿಬಂದು, ಪತ್ರ ತರೋದಕ್ಕೆ ಹೇಳಿದೀನಿ ಅಂತ ಬರ್ಕೋತೀನಿ ಅಜ್ಜಿ, ತರೋದು ಬಿಡೋದು ನಿಮಗೆ ಬಿಟ್ಟಿದ್ದು ಎಂದು ಹೇಳಿ ಅಷ್ಟೇ ಬೇಗ ಹಿಂದಕ್ಕೆ ಹೋದಳು.

ಮನೆಯಲ್ಲಿ ಮಗಳಿಗೆ ಎಲ್ಲ ಹೇಳಿದೆ. ಅವಳು ಹನ್ನೊಂದು ವರ್ಷದಿಂದ ಅದೇ ಹಾಲ್‌ನಲ್ಲಿದ್ದಾಳೆ. ಅಳಿಯ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ಅರ್ಧ ಮನೆಯಲ್ಲಿರುವುದಿಲ್ಲ. ಚಿಕ್ಕವು ಎರಡು ಮಕ್ಕಳು. ಅವಳು ಹಿಟ್ಟು ಕಲಸುತ್ತಿದ್ದಳು, ಕಲಸುವುದು ನಿಂತಿತು.

"ಅಮ್ಮ, ನಿಂದು ಮುಗೀತು. ನಂದು ಇನ್ನೂ ಇದೆ."

ಅದು ನಿಜ. ನಾನು ಎದ್ದು ಪತ್ರವನ್ನು ಕವರಿಗೆ ಹಾಕಿಟ್ಟೆ. ಅವಳಿಗೆ ಅದು ಇನ್ನೂ ಸಿಟ್ಟು ತಂದಿತು. ನೀನು ಸಹಿ ಮಾಡದಿದ್ದರೆ ಗುಬ್ಬಿ ಚಿಕ್ಕಮ್ಮನ ಕೈ ವಾಪಸು ಬಂದುಬಿಡುತ್ತಾ ಎಂದು ಜೋರಾಗಿ ಕೇಳಿದಳು. ನಮ್ಮ ಎರಡು ಮನೆಗೂ ಒಂದೇ ಗೋಡೆ. ಆ ಕಡೆ ಪಾತ್ರೆಯ ಸದ್ದು ನಿಂತಿತು. ಮಗಳು ನಾಲಿಗೆ ಕಚ್ಚಿಕೊಂಡಳು. ಆಡಿದ್ದು ಆಗಿಹೋಗಿತ್ತು.

ಬೆಳಗ್ಗೆ ಎದ್ದು ಹಿತ್ತಿಲಿಗೆ ಬಂದೆ. ಗುಬ್ಬಿ ಬಟ್ಟೆ ಒಗೆಯುತ್ತಿದ್ದಳು. ಹಾಸುವ ಬಟ್ಟೆಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಎಡಗೈಯಲ್ಲಿ ಹಿಡಿದು ಹಿಂಡುತ್ತಿದ್ದಳು. ಸಾಬೂನು ನೀರು ಗದ್ದದಿಂದ ಇಳಿದು ಎದೆಯೆಲ್ಲ ನೆನೆದಿತ್ತು. ನನ್ನನ್ನು ನೋಡಿ ಬಾಯಿಂದ ಬಟ್ಟೆ ಬಿಟ್ಟಳು.

"ಸಹಿ ಹಾಕ್ಬಿಡು ಅಕ್ಕ. ಮಗು ಹೇಳಿದ್ದು ಸರಿ. ವಿಮಾನ ಹತ್ತಿ ಬಾ. ಚೀಲದೊಳಗೆ ಏನಿಡ್ತಾರೆ ಅಂತ ನೋಡ್ಕೊಂಡು ಬಾ."

ಅವಳು ಬೈದಿದ್ದರೆ ನಾನು ಸಹಿ ಹಾಕಿಬಿಡುತ್ತಿದ್ದೆನೋ ಏನೋ. ಬಟ್ಟೆಯ ಇನ್ನೊಂದು ತುದಿ ಹಿಡಿದೆ. ಇಬ್ಬರೂ ತಿರುಚಿದೆವು, ನೀರೆಲ್ಲ ಸೋರಿತು. ಅವಳ ಹಲ್ಲಿನ ಗುರುತು ಬಟ್ಟೆಯ ಮೇಲೆ ಸಾಲಾಗಿ ಕಾಣುತ್ತಿತ್ತು. ಮೂರು ವರ್ಷದಿಂದ ಗೋಡೆಯ ಈ ಕಡೆ ನಾನಿದ್ದೆ. ಇದನ್ನು ನೋಡಬಾರದೆಂದೇ ಬೆಳಗಿನ ಹೊತ್ತು ಹಿತ್ತಿಲಿಗೆ ಬರುತ್ತಿರಲಿಲ್ಲ.

"ಒಣಗಿರೋ ಬಟ್ಟೆ ಹಾಕ್ಕೊಂಡು ಬಾ," ಎಂದೆ. "ಲೇಬರ್ ಆಫೀಸಿಗೆ ಹೋಗೋಣ."

ಅಲ್ಲಿ ಹಳೆಯ ಅಧಿಕಾರಿ ವರ್ಗವಾಗಿ ಹೊಸಬನಿದ್ದ. ನಮ್ಮನ್ನು ಮಧ್ಯಾಹ್ನದವರೆಗೂ ಬೆಂಚಿನ ಮೇಲೆ ಕಾಯಿಸಿದ. ಆ ಕೇಸು ಮುಚ್ಚಿಹೋಗಿದೆ ಎಂದ. ನಾನು ಪತ್ರ ಮುಂದಿಟ್ಟೆ. ಮೂರು ವರ್ಷದ ಹಿಂದೆ ನಿಮ್ಮ ಫೈಲಿನಲ್ಲಿ ಮೂರು ತಿಂಗಳು ಎಂದು ಹೇಳಿ ಹೆಬ್ಬೆಟ್ಟು ಒತ್ತಿದವಳು ನಾನು, ಅದು ಸುಳ್ಳು ಎಂದೆ. ಗುಬ್ಬಿ ಪಕ್ಕದಲ್ಲೇ ಇದ್ದಳು. ಅವಳ ಎದುರಿಗೆ ಆ ಮಾತು ಆಡಿದ್ದು ಅದೇ ಮೊದಲು. ಅವಳು ನೆಲ ನೋಡುತ್ತಿದ್ದಳು.

ಸುಳ್ಳು ಹೇಳಿಕೆ ಕೊಟ್ಟದ್ದು ನಿಮ್ಮ ತಲೆಗೂ ಬರಬಹುದು, ಗೊತ್ತಾ ಎಂದ ಅಧಿಕಾರಿ. ಬರಲಿ, ಬರೆದುಕೊಳ್ಳಿ ಎಂದೆ. ಗುಮಾಸ್ತ ಪೆನ್ನು ತೆಗೆದ. ಬೇಡ, ನಾನೇ ಬರೆಯುತ್ತೇನೆ ಎಂದೆ. ಒಂದೂವರೆ ಪುಟ ಬರೆದೆ. ಸಾಲು ಓರೆಯಾಗಿತ್ತು, ಅಕ್ಷರ ದಪ್ಪಗಿತ್ತು. ಅಧಿಕಾರಿ ಪತ್ರದ ಮೊಹರನ್ನು ಬೆಳಕಿಗೆ ಹಿಡಿದು ನೋಡಿದ. ಇದರಿಂದ ನಿಮ್ಮೊಬ್ಬರದು ಮಾತ್ರ ಗೊತ್ತಾಗುತ್ತೆ, ಇವರ ಕೈಯ ಲೆಕ್ಕಕ್ಕೆ ಬೇರೆಯವರೂ ಬಾಯಿ ಬಿಡಬೇಕು, ನಾನು ಅಲ್ಲಿಗೇ ಬರುತ್ತೇನೆ ಎಂದ.

ನನ್ನನ್ನು ಮಾರನೆಯ ದಿನ ಗೇಟಿನಿಂದಲೇ ತಿರುಗಿಸಿ ಕಳಿಸಿದರು. ಮಗಳನ್ನು ಉಳಿಸಿಕೊಂಡರು. ಅವಳನ್ನು ಹಿಡಿದರೆ ನಾನು ಬಗ್ಗುತ್ತೇನೆ ಅಂದುಕೊಂಡಿರಬೇಕು. ಮಗಳು ನನ್ನೊಡನೆ ಮಾತು ಬಿಟ್ಟಳು. ಮಕ್ಕಳನ್ನು ಮಾತ್ರ ದಿನಾ ಬೆಳಗ್ಗೆ ನನ್ನ ಮಡಿಲಿಗೆ ಹಾಕಿ ಹೋಗುತ್ತಿದ್ದಳು. ಅಂಗೈ ತುರಿಸುತ್ತಿತ್ತು. ಕೆಲಸವಿಲ್ಲದ ಕೈಯನ್ನು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಹಳೇ ಬಟ್ಟೆಯ ಅಂಚನ್ನು ಹೊಲಿಯುತ್ತಿದ್ದೆ, ಬಿಚ್ಚುತ್ತಿದ್ದೆ. ಪ್ರದರ್ಶನದ ದಿನ ಬಂತು, ಹೋಯಿತು. ಸಾಹೇಬರು ಹೋಗಿ ಬಂದರು. ಮಳಿಗೆಯಲ್ಲಿ ನನ್ನ ಕೈಗಳ ಫೋಟೋವನ್ನು ಬಾಗಿಲಷ್ಟು ದೊಡ್ಡದು ಮಾಡಿ ಹಾಕಿದ್ದರಂತೆ. ಅದಕ್ಕೆ ವೀಸಾ ಬೇಕಾಗಲಿಲ್ಲ.

ಲೇಬರ್ ಅಧಿಕಾರಿ ಒಂದು ಬೆಳಗ್ಗೆ ಕಾರ್ಖಾನೆಗೆ ಹೇಳದೆ ಬಂದ. ಗುಬ್ಬಿಯನ್ನೂ ನನ್ನನ್ನೂ ಕರೆಸಿ ಗೇಟಿನ ಒಳಗೆ ಬಿಡಿಸಿಕೊಂಡ. ಅಂಗಳದಲ್ಲಿ ಹೆಂಗಸರು ಸಾಲಾಗಿ ನಿಂತಿದ್ದರು. ಹಿಂದೆ ಕೈ ಕಟ್ಟಿಕೊಂಡು ಮೇಸ್ತ್ರಿ. ಸಾಹೇಬರು ಅಧಿಕಾರಿಗೆ ಕುರ್ಚಿ ತರಿಸಿದರು, ಅವನು ಕೂರಲಿಲ್ಲ. ನಾನು ಆ ಸಾಲಿನಲ್ಲಿ ಎಷ್ಟು ಸಲ ನಿಂತಿದ್ದೆನೋ. ಹೊರಗಿನಿಂದ ನೋಡಿದ್ದು ಅವತ್ತೇ. ಎಲ್ಲರ ಕುತ್ತಿಗೆಯೂ ಒಂದೇ ರೀತಿ ಬಗ್ಗಿ, ಎಲ್ಲರೂ ಏನೋ ಕಳೆದುಕೊಂಡವರ ಹಾಗೆ ಕಾಣುತ್ತಿದ್ದರು.

ಮೊದಲು ಅಂಟಕ್ಕ. ಇಪ್ಪತ್ತನಾಲ್ಕು ವರ್ಷದಿಂದ ಅಲ್ಲಿ ಕೆಲಸ ಮಾಡುತ್ತಿರುವವಳು. ಎಷ್ಟು ಕಾಲದಿಂದ ಕೆಲಸ ಎಂದು ಅಧಿಕಾರಿ ಕೇಳಿದ.

"ಮೂರು ತಿಂಗಳಾಯ್ತು ಸ್ವಾಮಿ."

ಬರೆದುಕೊಂಡ. ಎರಡನೆಯವಳೂ ಅದನ್ನೇ ಹೇಳಿದಳು. ಮೂರನೆಯವಳು ಅವನು ಕೇಳಿ ಮುಗಿಸುವ ಮೊದಲೇ ಹೇಳಿದಳು. ಸಾಹೇಬರು ಕೈಗಡಿಯಾರ ನೋಡಿಕೊಂಡರು. ಗುಬ್ಬಿ ನನ್ನ ತೋಳು ಹಿಡಿದು, ಹೋಗೋಣ ಅಕ್ಕ ಎಂದಳು. ನಾನು ಕದಲಲಿಲ್ಲ. ನಾಲ್ಕನೆಯವಳು ನನ್ನ ಮಗಳು.

ಅವಳು ನಮ್ಮ ಕಡೆ ನೋಡಲಿಲ್ಲ. ಅಧಿಕಾರಿ ಕೇಳಿದ. ಸುಮ್ಮನಿದ್ದಳು. ಎರಡನೇ ಸಲ ಕೇಳಿದ. ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. ಅವಳ ಗಂಟಲಲ್ಲಿ ಆ ಮಾತು ಮೇಲೆ ಬಂದದ್ದು ನನಗೆ ಕಾಣಿಸಿತು. ಅದನ್ನು ನುಂಗಿದ್ದೂ ಕಾಣಿಸಿತು.

"ಹನ್ನೊಂದು ವರ್ಷ. ಮದುವೆಗೆ ಮುಂಚೆ ಬಂದೆ. ಎರಡು ಹೆರಿಗೆ ಇಲ್ಲಿದ್ದಾಗ್ಲೇ ಆಯ್ತು. ವಾಪಸ್ ಬಂದಾಗೆಲ್ಲ ಹೊಸಬಳು ಅಂತ ಬರೆದ್ರು." ಆಮೇಲೆ ಎಡಗೈ ಎತ್ತಿ ಗುಬ್ಬಿಯ ಕಡೆ ತೋರಿಸಿದಳು. "ನನಗೆ ಹೊಲಿಯೋದು ಕಲಿಸಿದ್ದು ಆ ಚಿಕ್ಕಮ್ಮ. ಅವರು ಆಗಲೇ ಹಳಬರು."

ಮೇಸ್ತ್ರಿ ಒಂದು ಹೆಜ್ಜೆ ಮುಂದಿಟ್ಟ, ಅಧಿಕಾರಿ ತಿರುಗಿ ನೋಡಿದ್ದಕ್ಕೆ ಅಲ್ಲೇ ನಿಂತ. ಐದನೆಯವಳು ಮೂರು ತಿಂಗಳೆಂದೇ ಹೇಳಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆರನೆಯವಳು ಮೂರು ಎಂದು ಶುರು ಮಾಡಿ ನಿಲ್ಲಿಸಿದಳು. ಹದಿನಾರು ಎಂದಳು. ಏಳನೆಯವಳು ಒಂಬತ್ತು. ಎಂಟನೆಯವಳು ಬೆರಳು ಮಡಿಸಿ ಎಣಿಸತೊಡಗಿದಳು. ಯಾರೂ ಅವಳಿಂದ ಆ ಲೆಕ್ಕ ಕೇಳಿರಲಿಲ್ಲ, ಅವಳಿಗೆ ಹೊತ್ತು ಬೇಕಾಯಿತು. ಅಧಿಕಾರಿ ಕಾದ.

ಆಗ ಸಾಲಿನ ಆ ತುದಿಯಿಂದ ಅಂಟಕ್ಕ ಹೊರಗೆ ಬಂದಳು. ಮೇಸ್ತ್ರಿ ಅವಳ ಹೆಸರು ಹಿಡಿದು ಕೂಗಿದ. ಅವಳು ನಿಲ್ಲಲಿಲ್ಲ. ಕೈಯಲ್ಲಿ ಒಣಗಿದ ಅಂಟನ್ನು ಉಗುರಿನಿಂದ ಕೆರೆಯುತ್ತ, ಹೆಂಗಸರ ಮುಂದೆ ಹಾದು ಅಧಿಕಾರಿಯ ಎದುರಿಗೆ ಬಂದು ನಿಂತಳು.

"ನಂದು ತಿದ್ಕೊಳ್ಳಿ ಸ್ವಾಮಿ."

ಅವನು ಪುಟವನ್ನು ಹಿಂದಕ್ಕೆ ತಿರುಗಿಸಿದ.